ಲೋಣಾರ್ ಸರೋವರ: ಯಾವ ಹಂಗಾಮು, ಯಾವ ದಾರಿ, ಅಂಚಿನಿಂದಲೋ ಇಳಿದೋ

ಬೀದರ್, ಕಲಬುರಗಿ ಕಡೆಯಿಂದ ಮಹಾರಾಷ್ಟ್ರದ ಲೋಣಾರಿಗೆ, ಅಲ್ಲಿನ ದೊಡ್ಡ ಕುಳಿಯೊಳಗಿನ ಕೆರೆ ನೋಡಲು ಹೊರಡುವವರು ಮೊದಲು ಕೇಳುವುದು "ಈಗ ಹೋದರೆ ನೀರು ಇರ್ತದಾ?" ಅಂತ. ನೀರು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಕೇಳಬೇಕಾದ ಪ್ರಶ್ನೆ ಎರಡು: ಮೇಲಿನ ಅಂಚಿನಿಂದ ಇಡೀ ಕೆರೆ ತಿಳಿಯಾಗಿ ಕಾಣುತ್ತದಾ, ಕುಳಿಯೊಳಗೆ ಇಳಿದು ಹತ್ತಲು ನೆಲ ಕಾಲಿಗೆ ಹಿಡಿತ ಕೊಡುತ್ತದಾ. ನಾಲ್ಕೂ ಹಂಗಾಮು ನೋಡಿದ ಮೇಲೆ ನಮ್ಮ ಲೆಕ್ಕದಲ್ಲಿ ಇವೆರಡೂ ಕೂಡಿಬರುವುದು ವರ್ಷಕ್ಕೆ ಆರೇಳು ವಾರ ಮಾತ್ರ.

ಒಂದು ಮಾತು ಮೊದಲೇ ಹೇಳಿಬಿಡುವುದು ಒಳ್ಳೆಯದು. ಈ ಕುಳಿಯನ್ನು ಜ್ವಾಲಾಮುಖಿಯ ಬಾಯಿ ಎಂದು ಈಗಲೂ ಹೇಳುವವರಿದ್ದಾರೆ. ಅಲ್ಲಿನ ಕಲ್ಲು ಜ್ವಾಲಾಮುಖಿಯದು ಎನ್ನುವುದು ನಿಜ, ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ ತುಂಬ ಹರಿದ ಲಾವಾ ಆರಿ ಆದ ಬಸಾಲ್ಟ್ ಎಂಬ ಕರಿಕಲ್ಲು. ಕಲಬುರಗಿಯ ಎರೆ ಮಣ್ಣು ಆ ಕಲ್ಲಿನಿಂದಲೇ ಆದದ್ದು, ಬೀದರ್ ಕೋಟೆಯ ಜಂಬಿಟ್ಟಿಗೆಯೂ ಅದೇ ಕಲ್ಲು ಶಿಥಿಲವಾಗಿ ಆದದ್ದು. ಆದರೆ ಕುಳಿ ತೋಡಿದ್ದು ಉಲ್ಕೆ. ಅಪ್ಪಳಿಕೆಯ ಒತ್ತಡಕ್ಕೆ ಮಾತ್ರ ಹುಟ್ಟುವ ಮಾಸ್ಕೆಲಿನೈಟ್ ಎಂಬ ಗಾಜು ಅಲ್ಲಿನ ಕಲ್ಲಿನಲ್ಲಿ ಸಿಕ್ಕಿದ ಮೇಲೆ ವಾದ ತಣ್ಣಗಾಯಿತು. ವಯಸ್ಸು ಮೊದಲು ಸುಮಾರು 52,000 ವರ್ಷ ಎನ್ನುತ್ತಿದ್ದರು. ಆರ್ಗಾನ್ ವಿಧಾನದ ಅಳತೆ ಅದನ್ನು 5.7 ಲಕ್ಷಕ್ಕೆ ಒಯ್ದಿತು. ಅಂಚಿನಿಂದ ಅಂಚಿಗೆ ಸುಮಾರು 1.8 ಕಿ.ಮೀ., ಅಂಚಿನಿಂದ ತಳಕ್ಕೆ 137 ಮೀಟರ್, ನಡುವಿನ ಕೆರೆ ಸುಮಾರು 1.2 ಕಿ.ಮೀ. ಅಗಲ. ಮುಂದಿನ ಲೆಕ್ಕಕ್ಕೆಲ್ಲ ಈ ಮೂರು ಅಂಕಿ ಸಾಕು.

ಮಳೆಗಾಲ ಮತ್ತು ಮಳೆ ಬಿಟ್ಟ ಮೇಲೆ

ಫೋಟೋ ನೋಡಿ ಮರುಳಾದವರು ಹೋಗುವುದು ಜುಲೈ, ಆಗಸ್ಟಿನಲ್ಲಿ. ಅಂಚಿನಿಂದ ನೋಡಲು ಆಗ ಸಾಟಿಯಿಲ್ಲ: ಬಟ್ಟಲಿನ ಗೋಡೆ ತುಂಬ ಹಸಿರು, ಮೋಡದ ನೆರಳು ನೀರಿನ ಮೇಲೆ ಸರಿದಾಡುತ್ತದೆ. ಆದರೆ ಇಳಿಯುವ ಮಾತು ಬಂದರೆ ಇದು ಅತಿ ಕೆಟ್ಟ ಕಾಲ. ಕಾಲುದಾರಿಯಲ್ಲಿ ಸಡಿಲ ಮೊರಮು, ಅದರ ಕೆಳಗೆ ಪಾಚಿ ಕಟ್ಟಿದ ಬಸಾಲ್ಟ್, ತಗ್ಗಿನಲ್ಲಿ ಎರೆ ಮಣ್ಣು. ಹೊಲದಲ್ಲಿ ನಡೆದವರಿಗೆ ಗೊತ್ತು: ಎರೆ ಮಣ್ಣು ಬೂಟಿಗೆ ಹತ್ತಿದರೆ ಹತ್ತು ಹೆಜ್ಜೆಗೆ ಒಂದೊಂದು ಕಾಲು ಒಂದೊಂದು ಕೆ.ಜಿ. ಆಗುತ್ತದೆ, ಅಟ್ಟೆಯ ಗೀರುಗಳು ಮುಚ್ಚಿಹೋಗಿ ಹಿಡಿತವೇ ಉಳಿಯುವುದಿಲ್ಲ. ಬೀಳುವುದು ಹೆಚ್ಚಾಗಿ ಇಳಿಯುವಾಗಲೇ. ಹಿಮ್ಮಡಿ ಊರಿ ಇಳಿಯುವವರೇ ಮೊದಲು ಜಾರುತ್ತಾರೆ. ಇಳಿಯಲೇಬೇಕು ಅಂತಿದ್ದರೆ ಪಾದ ಅಡ್ಡ ಮಾಡಿ, ಕೋಲು ಕೆಳಗಿನ ಬದಿಗೆ ಊರಿ, ಚಿಕ್ಕ ಹೆಜ್ಜೆ ಇಡಬೇಕು. ಹಿಂದಿನ ರಾತ್ರಿ ಜೋರು ಮಳೆ ಬಿದ್ದಿದ್ದರೆ ಅಂಚಿನಲ್ಲೇ ನಿಂತು ನೋಡಿ ಬನ್ನಿ.

ಅಕ್ಟೋಬರ್ ಎರಡನೇ ವಾರದಿಂದ ನವೆಂಬರ್ ಮುಗಿಯುವವರೆಗಿನ ದಿನಗಳೇ ನಮ್ಮ ಆಯ್ಕೆ. ಹಸಿರು ಇನ್ನೂ ಆರಿರುವುದಿಲ್ಲ, ದಾರಿ ಒಣಗಿರುತ್ತದೆ, ಮಳೆ ತೊಳೆದ ಗಾಳಿಯಲ್ಲಿ ಎದುರಿನ ಅಂಚಿನ ಗಿಡಗಳೂ ಬೇರೆಬೇರೆಯಾಗಿ ಕಾಣುತ್ತವೆ. ಕೊರತೆಯೂ ಉಂಟು. ಹುಲ್ಲು ಸೊಂಟದವರೆಗೆ ಬೆಳೆದಿರುತ್ತದೆ, ಅದರ ಮುಳ್ಳುಬೀಜ ಬಟ್ಟೆಗೆ ಹತ್ತಿದರೆ ಬಿಡಿಸಲು ಅರ್ಧ ಗಂಟೆ ಬೇಕು. ಉಣ್ಣೆ, ಹೆಣಿಗೆಯ ಬಟ್ಟೆ ಬೇಡ, ನುಣುಪು ಬಟ್ಟೆಯ ಪೂರ್ತಿ ಪ್ಯಾಂಟ್ ಇರಲಿ. ಎರಡನೆಯದು ನೀರಿನ ಮಟ್ಟ. ಈಚಿನ ವರ್ಷಗಳಲ್ಲಿ ಕೆರೆ ಏರಿ ದಂಡೆಯ ಗುಡಿಗಳವರೆಗೂ ನೀರು ಬಂದದ್ದಿದೆ, ಹಾಗಾಗಿ ದಂಡೆ ಹಿಡಿದು ಪೂರ್ತಿ ಸುತ್ತು ಹಾಕುತ್ತೇವೆ ಎಂದು ಲೆಕ್ಕ ಹಾಕಿ ಹೋಗಬೇಡಿ. ನವರಾತ್ರಿಯಲ್ಲಿ ಕೆಳಗಿನ ಕಮಲಜಾ ದೇವಿಯ ಜಾತ್ರೆ. ದೇವಿ ದರ್ಶನಕ್ಕೆ ಅದೇ ಸರಿಯಾದ ಕಾಲ, ಹಕ್ಕಿ ನೋಡಲು ಅದೇ ತಪ್ಪು ಕಾಲ.

ಚಳಿಗಾಲ ಮತ್ತು ಬೇಸಿಗೆ

ಡಿಸೆಂಬರ್, ಜನವರಿಯನ್ನೇ ಎಲ್ಲರೂ ಹೊಗಳುತ್ತಾರೆ. ನಡೆಯಲು, ಹಕ್ಕಿ ನೋಡಲು ಸರಿ. ಬ್ರಾಹ್ಮಿಣಿ ಬಾತು, ಮೆಟ್ಟುಗಾಲ ಹಕ್ಕಿ ದಂಡೆಯಲ್ಲೇ ಸಿಗುತ್ತವೆ. ಅಂಚಿನಿಂದ ನೋಡುವವರಿಗೆ ಮಾತ್ರ ಬೆಳಗಿನ ಮಬ್ಬು ಮೋಸ ಮಾಡುತ್ತದೆ. ಇನ್ನೊಂದು ವಿಷಯ ಕುಳಿಯ ಆಕಾರದ್ದು. ಪೂರ್ವದ ಅಂಚಿನ ನೆರಳು ಕೆರೆಯ ಮೇಲೆ ಬೀಳುವುದರಿಂದ, ಸೂರ್ಯ ಹುಟ್ಟಿ ಸುಮಾರು ಮುಕ್ಕಾಲು ಗಂಟೆಯಾದರೂ ಅರ್ಧ ಕೆರೆ ಕತ್ತಲಲ್ಲೇ ಇರುತ್ತದೆ; ಪೂರ್ವದ ದಂಡೆಗೆ ಬಿಸಿಲು ತಲುಪಲು ಒಂದೂವರೆಯಿಂದ ಎರಡು ಗಂಟೆ. ಸೂರ್ಯೋದಯಕ್ಕೆಂದು ಐದಕ್ಕೆ ಎದ್ದು ಓಡುವುದಕ್ಕಿಂತ ಎಂಟೂವರೆಗೆ ಪೂರ್ವದ ಅಂಚಿನಲ್ಲಿ ಬೆನ್ನಿಗೆ ಬಿಸಿಲು ಮಾಡಿಕೊಂಡು ನಿಲ್ಲುವುದು ಲಾಭ. ಸಂಜೆಗೆ ಪಶ್ಚಿಮದ ಅಂಚು.

ಮೊಬೈಲಿನಲ್ಲಿ ಕೆರೆ ಪೂರ್ತಿ ಹಿಡಿಯುವುದಿಲ್ಲ ಎಂಬ ದೂರು ಎಲ್ಲರದ್ದೂ. ಅಂಚಿನಲ್ಲಿ ನಿಂತರೆ ಕೆರೆಯೊಂದೇ ಸುಮಾರು 80 ಡಿಗ್ರಿ ಅಗಲ ಕಾಣುತ್ತದೆ, ಮೊಬೈಲಿನ ಸಾಮಾನ್ಯ ಲೆನ್ಸ್ 70ರ ಆಸುಪಾಸಿನಲ್ಲಿ ನಿಲ್ಲುತ್ತದೆ. 0.5 ಒತ್ತಿದರೆ ಕೆರೆ ಬರುತ್ತದೆ. ಕುಳಿಯ ಎರಡೂ ತುದಿ ಬೇಕೆಂದರೆ ಪನೋರಮಾನೇ ಗತಿ.

ಬೇಸಿಗೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಲಬುರಗಿಯ ಬಿಸಿಲು ತಪ್ಪಿಸಿಕೊಳ್ಳಲು ಅಲ್ಲಿಗೆ ಹೋಗುವುದೆಂದರೆ ಬಾಣಲೆಯಿಂದ ಒಲೆಗೆ ಬಿದ್ದಂತೆ. ನೀರು ಇಳಿದ ದಂಡೆಯಲ್ಲಿ ಬಿಳಿ ಸೋಡಾ ಉಪ್ಪಿನ ಪದರ ಕಟ್ಟುತ್ತದೆ; ನೋಡಲು ಗಟ್ಟಿ, ಕಾಲಿಟ್ಟರೆ ಕೆಳಗೆ ಕೆಸರು. ಕೊಳೆತ ಮೊಟ್ಟೆಯ ವಾಸನೆಯೂ ಆಗಲೇ ಜೋರು, ತಳದಲ್ಲಿ ಪಾಚಿ ಕೊಳೆಯುವುದರಿಂದ. 2020ರ ಜೂನ್‌ನಲ್ಲಿ ಕೆರೆ ಗುಲಾಬಿಯಾದದ್ದು ಸುದ್ದಿಯಾಗಿತ್ತು. ನೀರು ಕಡಿಮೆಯಾಗಿ ಉಪ್ಪು ದಟ್ಟವಾದಾಗ ಹ್ಯಾಲೋಆರ್ಕಿಯಾ ಎಂಬ ಸೂಕ್ಷ್ಮಜೀವಿಗಳು ಬೆಳೆದು ಆ ಬಣ್ಣ ಬಂದಿತ್ತು, ಆಮೇಲೆ ಮಳೆಗೆ ಹೋಯಿತು. ಪ್ರತಿ ಬೇಸಿಗೆಗೂ ನಡೆಯುವ ಆಟವಲ್ಲ ಅದು. ಮಾಮೂಲಿ ಬಣ್ಣ ಪಾಚಿಯ ಹಸಿರು.

ಅಂಚೋ, ತಳವೋ

ಅಂಚಿನ ಪೂರ್ತಿ ಸುತ್ತು ಸುಮಾರು ಆರು ಕಿ.ಮೀ., ಹೆಚ್ಚು ಏರಿಳಿತವಿಲ್ಲ, ನಿಂತು ನೋಡುತ್ತ ಹೋದರೆ ಎರಡೂವರೆ ತಾಸು. ವಯಸ್ಸಾದವರಿಗೆ, ಮಂಡಿನೋವಿನವರಿಗೆ ಇದೇ ಸಾಕು. ಪೂರ್ತಿ ಸುತ್ತದೆ ಗೋಮುಖದ ಗುಡಿಯ ಹತ್ತಿರ ಕೂತರೂ ನಡೆಯುತ್ತದೆ. ಅಲ್ಲಿ ಸಿಹಿನೀರಿನ ಒರತೆ ವರ್ಷವಿಡೀ ಹರಿಯುತ್ತದೆ.

ತಳಕ್ಕೆ ಇಳಿಯುವುದು ಬೇರೆಯೇ ಅನುಭವ. ಬಟ್ಟಲಿನೊಳಗೆ ನಿಂತಾಗಲೇ ಅದು ಎಷ್ಟು ದೊಡ್ಡದು ಎಂಬುದು ತಿಳಿಯುತ್ತದೆ. ಇಳಿಯಲು ಅರ್ಧ ತಾಸು, ಹತ್ತಲು ಮುಕ್ಕಾಲರಿಂದ ಒಂದು ತಾಸು. ಕೆಡುವುದು ಸಮಯದ ಲೆಕ್ಕದಲ್ಲಿ: ಹನ್ನೊಂದಕ್ಕೆ ಇಳಿದವರು ನಡುಮಧ್ಯಾಹ್ನದ ಬಿಸಿಲಲ್ಲಿ ಹತ್ತುತ್ತಾರೆ, ಬಟ್ಟಲಿನಲ್ಲಿ ಗಾಳಿ ಆಡುವುದಿಲ್ಲ, ಕರಿ ಕಲ್ಲು ಬಿಸಿ ಉಗುಳುತ್ತದೆ. ಏಳೂವರೆಗೆ ಇಳಿದು ಹತ್ತೂವರೆಗೆ ಮೇಲೆ ಬಂದುಬಿಡಿ. ತಲೆಗೆ ಎರಡು ಲೀಟರ್ ನೀರು, ಮಾರ್ಚ್ ನಂತರ ಮೂರು. ಕೆಳಗಿನ ನೀರು ಕುಡಿಯಲೂ ಬಾರದು, ಮುಖ ತೊಳೆಯಲೂ ಬಾರದು. ಪಿಎಚ್ ಹತ್ತರ ಸುತ್ತ, ಅಂದರೆ ತೀಕ್ಷ್ಣ ಕ್ಷಾರ, ಕಣ್ಣಿಗೆ ಬಿದ್ದರೆ ಉರಿಯುತ್ತದೆ. ಹೊರಗೆ ಹರಿಯುವ ದಾರಿಯಿಲ್ಲದ ಕೆರೆ ಅದು. ನೀರು ಆವಿಯಾಗಿ ಹೋಗುತ್ತದೆ, ಸೋಡಾ ಉಳಿಯುತ್ತದೆ. ಮಕ್ಕಳಿದ್ದರೆ ಮನೆಯಲ್ಲೇ ಒಂದು ಚಮಚ ಅರಿಶಿನವನ್ನು ಸ್ಪಿರಿಟ್‌ನಲ್ಲಿ ಕಲಸಿ ಬಿಳಿ ಕಾಗದಕ್ಕೆ ಹಚ್ಚಿ ಒಣಗಿಸಿ, ಪಟ್ಟಿ ಕತ್ತರಿಸಿ ಒಯ್ಯಿರಿ. ದಂಡೆಯ ನೀರಿಗೆ ಅದ್ದಿದರೆ ಹಳದಿ ಕೆಂಪಾಗುತ್ತದೆ, ಗೋಮುಖದ ನೀರಿನಲ್ಲಿ ಹಾಗೇ ಉಳಿಯುತ್ತದೆ. ಪಟ್ಟಿಯನ್ನು ಅಲ್ಲಿ ಎಸೆಯಬೇಡಿ. ಇದು ವನ್ಯಜೀವಿ ಧಾಮ, 2020ರಿಂದ ರಾಮ್ಸಾರ್ ತಾಣವೂ (ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿ) ಹೌದು.

ದಿಕ್ಸೂಚಿ ಹುಚ್ಚಾಪಟ್ಟೆ ತಿರುಗುತ್ತದೆ ಎಂದು ಹೇಳುವವರು ಸಿಗುತ್ತಾರೆ. ಬಸಾಲ್ಟಿನಲ್ಲಿರುವ ಮ್ಯಾಗ್ನೆಟೈಟ್ ಎಂಬ ಕಾಂತಗುಣದ ಕಬ್ಬಿಣದ ಖನಿಜ ಮುಳ್ಳನ್ನು ಸ್ವಲ್ಪ ಎಳೆಯುತ್ತದೆ. ಕಲ್ಲಿಗೆ ತೀರ ಹತ್ತಿರ ಹಿಡಿದರೆ ನಮ್ಮ ಕಡೆಯ ಕರಿಕಲ್ಲೂ ಅದನ್ನೇ ಮಾಡೀತು.

ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಹಿಂಡಿಗಿಂತ ಒಳ್ಳೆಯದಿಲ್ಲ: ಹಳಸುವುದಿಲ್ಲ, ವಾಸನೆ ಹರಡುವುದಿಲ್ಲ. ಬಾಳೆಹಣ್ಣು ಕೈಯಲ್ಲಿ ಹಿಡಿದು ಇಳಿದರೆ ಮುಸುವಗಳು ಬಿಡುವುದಿಲ್ಲ.

ಕಾರೋ, ರೈಲೋ

ಕಾರಿನಲ್ಲಿ ಬೀದರಿನಿಂದ ಉದಗೀರ್, ಅಹಮದ್‌ಪುರ, ಗಂಗಾಖೇಡ್, ಪರಭಣಿ, ಜಿಂತೂರು ದಾಟಿ ಲೋಣಾರ್, ಸುಮಾರು 320 ಕಿ.ಮೀ.; ಕಲಬುರಗಿಯಿಂದ ಆಳಂದ, ಉಮರ್ಗಾ, ಲಾತೂರ್, ಪರಳಿ ಮೇಲೆ 400ರ ಹತ್ತಿರ. ಹೋದ ದಿನವೇ ತಿರುಗಿ ಬರುವ ದೂರವಲ್ಲ. ಮಧ್ಯಾಹ್ನ ತಲುಪಿ, ಸಂಜೆ ಪಶ್ಚಿಮದ ಅಂಚು, ರಾತ್ರಿ ಊರಲ್ಲಿ ವಸತಿ, ಬೆಳಿಗ್ಗೆ ಇಳಿತ: ಈ ಕ್ರಮಕ್ಕೆ ಕಾರು ಒಗ್ಗುತ್ತದೆ, ನಾಲ್ವರಾದರೆ ಖರ್ಚೂ ಹೊಂದುತ್ತದೆ. ಒಬ್ಬರೋ ಇಬ್ಬರೋ ಆದರೆ ರೈಲು. ಬೆಂಗಳೂರು–ನಾಂದೇಡ್ ಎಕ್ಸ್‌ಪ್ರೆಸ್ ಯಾದಗಿರಿ, ಬೀದರ್ ಮೇಲೆ ಪರಭಣಿಗೆ ಹೋಗುತ್ತದೆ; ಕಲಬುರಗಿಯವರು 2017ರಲ್ಲಿ ತೆರೆದ ಮಾರ್ಗದಲ್ಲಿ ಬೀದರಿಗೆ ಬಂದು ಗಾಡಿ ಬದಲಿಸಬಹುದು. ಪರಭಣಿಯಿಂದ ಲೋಣಾರ್ ನೂರು ಕಿ.ಮೀ. ಆಸುಪಾಸು, ಮಹಾರಾಷ್ಟ್ರದ ಕೆಂಪು ಬಸ್ಸು, ನೇರ ಸಿಗದಿದ್ದರೆ ಜಿಂತೂರಿನಲ್ಲಿ ಬದಲಿ. ತಪ್ಪುವುದು ವಾಪಸಿನಲ್ಲಿ: ಸಂಜೆಯ ಬಸ್ಸು ನಂಬಿ ರಾತ್ರಿಯ ರೈಲಿಗೆ ಟಿಕೆಟ್ ಮಾಡಿಸಿದವರು ಜಿಂತೂರಿನ ನಿಲ್ದಾಣದಲ್ಲಿ ಕೂರುತ್ತಾರೆ. ಲೋಣಾರಿನಿಂದ ಮಧ್ಯಾಹ್ನ ಒಂದರೊಳಗೆ ಬಸ್ಸು ಹತ್ತಿದರೆ ಆ ಪಜೀತಿ ಇಲ್ಲ.