ಬೆರಳು, ಸ್ಪಂಜು, ಬ್ರಷ್: ಕಂದು ಐಶ್ಯಾಡೋ ಯಾವುದರಿಂದ ಚೆನ್ನಾಗಿ ಕೂರುತ್ತದೆ?

ಒಂದೇ ಪ್ಯಾಲೆಟ್ಟಿನ ಮೂರು ಮ್ಯಾಟ್ (ಹೊಳಪಿಲ್ಲದ) ಬಣ್ಣಗಳನ್ನು ಮೂರೂ ಬಗೆಯಲ್ಲಿ ಹಚ್ಚಿ ನೋಡಿದ್ದೇವೆ: ರೆಪ್ಪೆಗೆ ಶ್ರೀಗಂಧದ ಬಣ್ಣ, ರೆಪ್ಪೆಯ ಮೇಲಿನ ಮಡಿಕೆಗೆ ಬೆಲ್ಲದ ಬಣ್ಣ, ಹೊರಮೂಲೆಗೆ ಕಾಫಿಪುಡಿಯ ಬಣ್ಣ. ಮೈಸೂರು, ಮಂಡ್ಯದ ಕಡೆ ಹೆಚ್ಚಾಗಿ ಕಾಣುವ ಗೋಧಿ ಬಣ್ಣಕ್ಕೂ ಎಣ್ಣೆಗೆಂಪಿಗೂ ಇವು ಒಪ್ಪುತ್ತವೆ. ಡಬ್ಬಿಯ ಮೇಲೆ ನ್ಯೂಟ್ರಲ್ ಎಂದಿದ್ದರೂ ಬೂದು ಬೆರೆತ ತಿಳಿಕಂದು ಬೇಡ. ವಿಭೂತಿ ಬಳಿದಂತೆ ಬಿಳಿಚಿಕೊಳ್ಳುತ್ತದೆ.

ಯಾವುದರಿಂದ ಹಚ್ಚಿದರೂ ತಳ ಮಾತ್ರ ಒಂದೇ. ಒಂದು ಕಣ್ಣಿಗೆ ಅಕ್ಕಿಕಾಳಿನಷ್ಟು ಪ್ರೈಮರ್ (ಬಣ್ಣ ಹಿಡಿಯಲೆಂದು ಮೊದಲು ಹಚ್ಚುವ ಕ್ರೀಮ್) ತೆಳ್ಳಗೆ ತಟ್ಟಿ, ಒಂದು ನಿಮಿಷ ಬಿಟ್ಟು, ಮೇಲೆ ಚೂರು ಫೇಸ್ ಪೌಡರ್. ತಳ ಹಸಿ ಇರುವಾಗಲೇ ಬಣ್ಣ ಹಚ್ಚಿದರೆ ಮೊದಲು ತಾಗಿದ ಜಾಗದಲ್ಲೇ ಅಂಟಿಕೊಳ್ಳುತ್ತದೆ, ಆಮೇಲೆ ಎಷ್ಟು ತೀಡಿದರೂ ಕದಲುವುದಿಲ್ಲ. ತೇಪೆ ತೇಪೆಯಾಗಿ ಕಾಣುವುದಕ್ಕೆ ಹೆಚ್ಚಿನ ಸಲ ಇದೇ ಕಾರಣ, ಪ್ಯಾಲೆಟ್ ಅಲ್ಲ.

ಬೆರಳಿಗೆ ಕ್ರೀಮ್ ಮತ್ತು ಮಿನುಗುವ ಶಿಮ್ಮರ್ ಐಶ್ಯಾಡೋಗಳಲ್ಲಿ ಎದುರಿಲ್ಲ. ಮೈಯ ಬಿಸಿಗೆ ಕ್ರೀಮ್ ಸಡಿಲವಾಗಿ ರೆಪ್ಪೆಗೆ ಕಚ್ಚಿಕೊಳ್ಳುತ್ತದೆ. ಉಂಗುರ ಬೆರಳಿನಿಂದ ಒತ್ತಬೇಕು, ಉಜ್ಜಬಾರದು. ಮ್ಯಾಟ್ ಪುಡಿಗೆ ಮಾತ್ರ ಬೆರಳು ಸೋಲುತ್ತದೆ: ತುದಿ ಅಗಲವಾದ್ದರಿಂದ ಮಡಿಕೆಯ ಬಣ್ಣ ಹುಬ್ಬಿನವರೆಗೆ ಹಬ್ಬುತ್ತದೆ. ಬೆರಳಿನ ಜಿಡ್ಡು ತಾಗಿ ಪ್ಯಾಲೆಟ್ಟಿನ ಮೇಲೆ ಗಟ್ಟಿ ಪದರವೂ ಕಟ್ಟುತ್ತದೆ. ಸೆಲ್ಲೋ ಟೇಪ್ ಮೆಲ್ಲಗೆ ಒತ್ತಿ ಎತ್ತಿದರೆ ಆ ಪದರ ಕಿತ್ತು ಬರುತ್ತದೆ.

ಪ್ಯಾಲೆಟ್ ಜೊತೆ ಬರುವ ಸ್ಪಂಜಿನ ಕಡ್ಡಿ ಬಣ್ಣವನ್ನು ಒತ್ತುತ್ತದೆ, ಹರಡುವುದಿಲ್ಲ. ಅಂಚು ಗೆರೆ ಎಳೆದಂತೆ ನಿಲ್ಲುತ್ತದೆ. ಕೆಳಗಣ್ಣಿನ ಕಾಡಿಗೆಯನ್ನು ತುಸು ಮಸುಕು ಮಾಡಲು ಇಟ್ಟುಕೊಳ್ಳಿ, ಸಾಕು.

ಬ್ರಷ್ಷೇ ಗೆಲ್ಲುತ್ತದೆ, ಆದರೆ 12 ಬ್ರಷ್ಷಿನ ಸೆಟ್ ಬೇಕಿಲ್ಲ. ರೆಪ್ಪೆಗೆ ಚಪ್ಪಟೆಯದು ಒಂದು, ಗುಪ್ಪಾಗಿ ಸಡಿಲ ಕೂದಲಿನದು ಎರಡು. ಗುಪ್ಪಾದ ಎರಡರಲ್ಲಿ ಒಂದಕ್ಕೆ ಬಣ್ಣ ಸೋಕಿಸಲೇಬಾರದು, ಅದು ಬ್ಲೆಂಡ್ ಮಾಡಲಷ್ಟೇ, ಅಂದರೆ ಬಣ್ಣದ ಅಂಚನ್ನು ತೀಡಿ ಗೆರೆ ಅಳಿಸಲು. ಇನ್ನೊಂದರ ತುದಿಯನ್ನು ಬೆಲ್ಲದ ಬಣ್ಣಕ್ಕೆ ತಾಗಿಸಿ, ಹಿಡಿಯನ್ನು ಒಮ್ಮೆ ತಟ್ಟಿ ಹೆಚ್ಚಾದ ಪುಡಿ ಉದುರಿಸಿ. ಹಿಡಿಯ ಹಿಂತುದಿಯಲ್ಲಿ ಹಿಡಿದರೆ ಕೈಭಾರ ತಾನಾಗಿ ಕಡಿಮೆಯಾಗುತ್ತದೆ. ಕಣ್ಣು ತೆರೆದು ನೇರ ನೋಡುತ್ತಾ, ಮಡಿಕೆಗಿಂತ ಕೂದಲೆಳೆ ಮೇಲೆ, ಹೊರಮೂಲೆಯಿಂದ ಒಳಕ್ಕೆ ಆಚೀಚೆ ಆಡಿಸಿ. ಆಮೇಲೆ ಚಪ್ಪಟೆ ಬ್ರಷ್ಷಿನಲ್ಲಿ ಶ್ರೀಗಂಧದ ಬಣ್ಣ ಒತ್ತಿ. ಕೊನೆಗೆ ಕಾಫಿಪುಡಿಯ ಬಣ್ಣ, ಹೊರಮೂಲೆಯ ಮೂರನೇ ಒಂದು ಭಾಗಕ್ಕೆ ಮಾತ್ರ.

ಕೆಡುವುದು ಇಲ್ಲೇ. ಗಾಢ ಬಣ್ಣ ಹಚ್ಚಿದ ಬ್ರಷ್ಷಿನಲ್ಲೇ ಬ್ಲೆಂಡ್ ಮಾಡಲು ಹೊರಟರೆ ಮೂರೂ ಬಣ್ಣ ಕಲಸಿಹೋಗಿ ಕೆಸರಾಗುತ್ತದೆ. ಖಾಲಿ ಬ್ರಷ್ಷಿನಿಂದ ಅಂಚನ್ನಷ್ಟೇ ಸಣ್ಣ ಸಣ್ಣ ಸುತ್ತಿನಲ್ಲಿ ತೀಡಿ, ಬಣ್ಣದ ನಡುವಿಗೆ ಹೋಗಬೇಡಿ. ಗೆರೆ ಮಾಯವಾದ ಕೂಡಲೇ ಕೈ ಎತ್ತಿ.

ಆಡಿನ ಕೂದಲಿನ ಬ್ರಷ್ಷೋ ನೈಲಾನಿನದೋ ಎಂದರೆ, ಒಣಪುಡಿಗೆ ಆಡಿನ ಕೂದಲು ಮೇಲು. ಅದರ ಒರಟು ಮೈ ಪುಡಿಯನ್ನು ಹಿಡಿದಿಟ್ಟುಕೊಂಡು ಸ್ವಲ್ಪ ಸ್ವಲ್ಪವೇ ಬಿಡುತ್ತದೆ. ನೈಲಾನಿನ ನುಣುಪಿಗೆ ಪುಡಿ ಒಮ್ಮೆಗೇ ಬಿದ್ದುಬಿಡುತ್ತದೆ, ಕ್ರೀಮಿಗೆ ಮಾತ್ರ ಅದೇ ಸರಿ, ಹೀರುವುದಿಲ್ಲ. ಒಂದೇ ಕೊಳ್ಳುವವರು ಗುಪ್ಪಾದದ್ದನ್ನು ಆಡಿನ ಕೂದಲಿನದೇ ಕೊಳ್ಳಿ.

ಮೈಸೂರು ಸಿಲ್ಕ್ ಉಡುವ ಮೊದಲೇ ಕಣ್ಣಿನ ಕೆಲಸ ಮುಗಿಸಿಬಿಡಿ. ಉಟ್ಟ ಮೇಲೆ ಕಂದುಪುಡಿ ಉದುರಿದರೆ ಕೈಯಲ್ಲಿ ಒರೆಸದೆ ಕೊಡವಿ. ಒರೆಸಿದರೆ ನೇಯ್ಗೆಯೊಳಗೆ ಇಳಿಯುತ್ತದೆ. ದಸರೆಯ ಸಂಜೆ ಅರಮನೆಯ ಹಳದಿ ಬಲ್ಬುಗಳ ಬೆಳಕಿನಲ್ಲಿ ತಿಳಿಕಂದು ಕರಗಿಹೋಗುತ್ತದೆ. ಹಗಲಿಗೆ ಹಚ್ಚುವುದಕ್ಕಿಂತ ಒಂದು ಸುತ್ತು ಗಾಢ ಮಾಡಿಕೊಳ್ಳಿ.

ಬ್ರಷ್ ವಾರಕ್ಕೊಮ್ಮೆ, ಇನ್ನೊಬ್ಬರಿಗೆ ಹಚ್ಚಿದರೆ ಪ್ರತಿ ಸಲವೂ, ಶಾಂಪೂ ಹಾಕಿ ತೊಳೆಯಿರಿ. ನೀರು ಲೋಹದ ಕೊರಳಿಗೆ ಏರಬಾರದು, ಅಂಟು ಬಿಟ್ಟು ಕೂದಲು ಉದುರುತ್ತದೆ. ಒದ್ದೆ ಬ್ರಷ್ ಲೋಟದಲ್ಲಿ ನಿಲ್ಲಿಸದೆ ಮೇಜಿನ ಅಂಚಿನಲ್ಲಿ, ಕೂದಲು ಹೊರಚಾಚುವಂತೆ, ನೆರಳಲ್ಲಿ ಅಡ್ಡಲಾಗಿ ಇಡಿ.