ಬಣ್ಣದ ಡಬ್ಬಿ, ಬಿಸಿಲಚ್ಚು, ಕೆಮ್ಮಣ್ಣು: ಮಕ್ಕಳ ಜೊತೆ ಮೂರನ್ನೂ ಮಾಡಿ ನೋಡಿದೆ

ಮೊದಲೇ ಹೇಳಿಬಿಡುತ್ತೇನೆ, ನಮ್ಮ ಮನೆಯಲ್ಲಿ ಗೆದ್ದದ್ದು ಮಣ್ಣು. ಎಂಟು ವರ್ಷದ ಮಗಳನ್ನೂ ಐದು ವರ್ಷದ ಮಗನನ್ನೂ ಕರೆದುಕೊಂಡು ಐದಾರು ತಿಂಗಳಿಂದ ಭಾನುವಾರ ಬೆಳಗ್ಗೆ ಮೈಸೂರಿನ ಕುಕ್ಕರಹಳ್ಳಿ ಕೆರೆಗೆ ಹೋಗುತ್ತಿದ್ದೇನೆ. ಚಿತ್ರ ಬಿಡಿಸುವ ನೆಪದಲ್ಲಾದರೂ ಮರ, ಎಲೆ, ಹಕ್ಕಿಗಳ ಕಡೆ ಅವರ ಕಣ್ಣು ಹೋಗಲಿ ಎಂಬ ಆಸೆ ನನ್ನದು. ಅದಕ್ಕೆಂದು 1,150 ರೂಪಾಯಿಯ ಜಲವರ್ಣದ ಡಬ್ಬಿ ತಂದೆ, ಬಿಸಿಲಿನಿಂದಲೇ ಎಲೆಯ ಅಚ್ಚು ಮೂಡಿಸುವ 850 ರೂಪಾಯಿಯ ಬಿಸಿಲಚ್ಚಿನ (ಸೈನೋಟೈಪ್) ಕಿಟ್ ತರಿಸಿದೆ. ಮಣ್ಣಿನ ಬಣ್ಣಕ್ಕೆ ತಗುಲಿದ್ದು ಗೋಂದಿನ 20 ರೂಪಾಯಿ.

ಡಬ್ಬಿಯ ಬಣ್ಣ ಚೆನ್ನಾಗಿಯೇ ಇದೆ. ಆದರೆ ಮಕ್ಕಳು ಇಡೀ ಹೊತ್ತು ನೋಡಿದ್ದು ಡಬ್ಬಿಯನ್ನು. ಎದುರಿಗೇ ಹೆಜ್ಜಾರ್ಲೆ ನೀರಿಗಿಳಿದರೂ ಮಗಳು ತಲೆ ಎತ್ತಲಿಲ್ಲ. ಹಸಿರು ಬಿಲ್ಲೆಗೆ ಕುಂಚ ಒತ್ತಿ, ಶಾಲೆಯಲ್ಲಿ ಬರೆಯುವ ಅದೇ ಮರವನ್ನು ಬರೆದಳು. ಅದನ್ನು ಮನೆಯಲ್ಲೇ ಕೂತು ಬರೆಯಬಹುದಿತ್ತು.

ಬಿಸಿಲಚ್ಚಿನ ಮೇಲೆ ನನಗೆ ತುಂಬ ನಿರೀಕ್ಷೆ ಇತ್ತು. ಕಬ್ಬಿಣದ ಲವಣ ಸವರಿದ ಕಾಗದದ ಮೇಲೆ ಎಲೆ ಇಟ್ಟು ಬಿಸಿಲಿಗೆ ಒಡ್ಡಿ ನೀರಲ್ಲಿ ತೊಳೆದರೆ, ಬಿಸಿಲು ಬಿದ್ದಲ್ಲಿ ಕಡುನೀಲಿ, ಎಲೆ ಇದ್ದಲ್ಲಿ ಬಿಳಿ. 1842ರಲ್ಲಿ ವಿಜ್ಞಾನಿ ಜಾನ್ ಹರ್ಷೆಲ್ ಕಂಡುಕೊಂಡ ವಿಧಾನ ಇದು. ಇಂಗ್ಲೆಂಡಿನ ಸಸ್ಯತಜ್ಞೆ ಅನ್ನಾ ಅಟ್ಕಿನ್ಸ್ ಮರುವರ್ಷವೇ ಇದರಲ್ಲಿ ಪಾಚಿಗಳ ಅಚ್ಚು ಹೊರತಂದರು. ಎಂಜಿನಿಯರ್‌ಗಳ ಹಳೆಯ ಬ್ಲೂಪ್ರಿಂಟ್ ಕೂಡ ಇದೇ.

ತೊಂದರೆ ಇರುವುದು ಕಾಗದದಲ್ಲಿ. ಅದು ಕೊನೆಯ ಕ್ಷಣದವರೆಗೂ ಕತ್ತಲಲ್ಲೇ ಇರಬೇಕು. ಕಿಟ್‌ನವರು ಹತ್ತೂ ಹಾಳೆಗಳನ್ನು ಒಂದೇ ಕಪ್ಪು ಕವರಿಗೆ ತುರುಕಿದ್ದರು. ನಾನು ಬಿದ್ದ ಎಲೆ ಆರಿಸಿಕೊಂಡು ಬರುವಷ್ಟರಲ್ಲಿ ಮಗ ಅದರಿಂದ ನಾಲ್ಕನ್ನು ಎಳೆದು ಬೆಂಚಿನ ಮೇಲೆ ಸಾಲಾಗಿ ಹರಡಿದ್ದ. ನಾಲ್ಕೂ ಹೋದವು. ಅವನನ್ನು ಗದರಿಸಿದೆ, ಅದು ಇವತ್ತಿಗೂ ನೋಯುತ್ತದೆ. ಐದು ವರ್ಷದ ಮಗು ಕವರ್ ಬಿಚ್ಚದೆ ಇರುತ್ತದೆಯೇ? ಮಕ್ಕಳಿಗೆಂದೇ ಮಾರುವವರು ಹಾಳೆಗೊಂದು ಕವರ್ ಕೊಡಬೇಕಿತ್ತು.

ಅಲ್ಲಿಗೂ ಮುಗಿಯಲಿಲ್ಲ. ಎಲೆ ಕಾಗದಕ್ಕೆ ಅಂಟಿದಂತೆ ಕೂರದಿದ್ದರೆ ಅಂಚು ಮಸುಕಾಗುತ್ತದೆ. ಕೆರೆಯ ಗಾಳಿಗೆ ಮೂರು ಹಾಳೆ ಹಾಗೇ ಹಾಳಾದವು. ಮುಂದಿನ ವಾರ ಹಳೆಯ ಫೋಟೋ ಫ್ರೇಮಿನ ಗಾಜು ಒಯ್ದೆ. ಬೆಳಗಿನ ಎಳೆಬಿಸಿಲಿಗೆ ಕಿಟ್‌ನಲ್ಲಿ ಹೇಳಿದ್ದಕ್ಕಿಂತ ಎಷ್ಟೋ ಹೆಚ್ಚು ಹೊತ್ತು ಬೇಕಾಯಿತು, ನಡುವೆ ಮೋಡ ಬಂತು. ತೊಳೆದ ನೀರನ್ನು ಕೆರೆಗೆ ಚೆಲ್ಲಲು ಮನಸ್ಸು ಒಪ್ಪದೆ ಬಕೆಟ್ಟಿನಲ್ಲಿ ಮನೆಗೆ ಹೊತ್ತು ತಂದೆ. ಕೊನೆಗೆ ದಕ್ಕಿದ್ದು ಗುಲ್‌ಮೊಹರ್ ಎಲೆಯ ಒಂದೇ ಅಚ್ಚು. ಕಿರುಎಲೆಗಳೆಲ್ಲ ಬಿಡಿಬಿಡಿಯಾಗಿ ಮೂಡಿವೆ, ನಿಜಕ್ಕೂ ಸುಂದರ. ಗೋಡೆಗೆ ಹಾಕಿದ್ದೇವೆ.

ಮಣ್ಣಿನ ಯೋಚನೆ ಬಂದದ್ದು ಶಿವಮೊಗ್ಗ ಜಿಲ್ಲೆಯ ಸಾಗರದ ತವರುಮನೆಗೆ ಹೋದಾಗ. ಆ ಕಡೆ ದೀವರ ಸಮುದಾಯದ ಹೆಣ್ಣುಮಕ್ಕಳು ಗೋಡೆಗೆ ಬರೆಯುವ ಹಸೆ ಚಿತ್ತಾರಕ್ಕೆ ಕೆಮ್ಮಣ್ಣು, ಅಕ್ಕಿ ಹಿಟ್ಟಿನ ಬಿಳಿ, ಹುರಿದು ಕರಿಮಾಡಿದ ಅಕ್ಕಿಯ ಕಪ್ಪು ಸಾಕು. ಕುಂಚವೂ ಪುಂಡಿ ನಾರಿನದು. ಅಂಗಳದ ಒಂದು ಡಬ್ಬ ಕೆಮ್ಮಣ್ಣು ತಂದೆ. ನೀರಲ್ಲಿ ಕದಡಿ, ಹಳೆಯ ಪಂಚೆಯಲ್ಲಿ ಸೋಸಿ, ರಾತ್ರಿಯಿಡೀ ಬಿಟ್ಟು ಮೇಲಿನ ತಿಳಿ ಬಸಿದರೆ ಬೆಣ್ಣೆಯಂಥ ಕೆಸರು ಉಳಿಯುತ್ತದೆ. ಅದಕ್ಕೆ ನೆನೆಸಿದ ಗೋಂದು ಬೆರೆಸಬೇಕು, ಇಲ್ಲದಿದ್ದರೆ ಒಣಗಿ ಉದುರುತ್ತದೆ. ಲಗ್ನಪತ್ರಿಕೆಗಳ ಖಾಲಿ ಬದಿಯೇ ನಮ್ಮ ಕಾಗದ.

ಉಳಿದ ಬಣ್ಣಗಳನ್ನು ಮಕ್ಕಳೇ ಹುಡುಕಬೇಕಾಯಿತು, ಅಲ್ಲೇ ಎಲ್ಲ ಬದಲಾಯಿತು. ಹಿತ್ತಲಿನ ಬಸಳೆ ಹಣ್ಣಿನಿಂದ ನೇರಳೆ ಬಂತು. ಶಂಖಪುಷ್ಪದ ನೀಲಿಗೆ ನಿಂಬೆರಸ ಬಿಟ್ಟಾಗ ಅದು ಕೆನ್ನೇರಳೆಗೆ ತಿರುಗಿತು. ಅರಿಶಿನಕ್ಕೆ ಚಿಟಿಕೆ ಸುಣ್ಣ ಹಾಕಿದ್ದೇ ಮಗ "ಅಮ್ಮಾ, ಆರತಿ ನೀರು!" ಎಂದು ಕೂಗಿದ. ಒಮ್ಮೆ ಹೊಂಗೆ ಎಲೆಗೆ ಕೆಮ್ಮಣ್ಣು ಬಳಿದು ಕಾಗದಕ್ಕೆ ಒತ್ತಿದಾಗ ನರಗಳ ನಡುವೆ ಚುಕ್ಕಿಗಳು ಮೂಡಿದವು. "ಎಲೆಗೆ ಮೊಡವೆನಾ ಅಮ್ಮ?" ಎಂದಳು ಮಗಳು. ತಿರುಗಿಸಿ ನೋಡಿದರೆ ಸಣ್ಣ ಸಣ್ಣ ಗಂಟುಗಳು, ಕಣ್ಣಿಗೆ ಕಾಣದ ನುಸಿಗಳ ಮನೆಗಳು. ಅವತ್ತು ಅವಳು ಗಂಟಿಲ್ಲದ ಹೊಂಗೆ ಎಲೆ ಹುಡುಕುತ್ತಾ ಏರಿಯುದ್ದಕ್ಕೂ ನಡೆದಳು.

ಕೊರತೆಗಳೂ ಇವೆ. ಬಸಳೆ ಕಲೆ ಬಟ್ಟೆಯಿಂದ ಹೋಗುವುದಿಲ್ಲ. ಹೂವಿನ ಬಣ್ಣ, ಅರಿಶಿನ ಬೇಗ ಮಾಸುತ್ತವೆ. ಮಣ್ಣು ಮಾತ್ರ ಹಾಗೇ ಉಳಿಯುತ್ತದೆ.

ವಾರವಾರ ಹೋಗುವವಳು ನಾನು, ತಿಂಗಳಿಗೆ ನೂರು ರೂಪಾಯಿಗಿಂತ ಹೆಚ್ಚು ಇದಕ್ಕೆ ಎತ್ತಿಡಲಾರೆ. ಒಂದು ಹಾಳೆಗೆ 85 ರೂಪಾಯಿ ಬೀಳುವ ಬಿಸಿಲಚ್ಚು ನನಗೆ ಹೊಂದದು. ಹತ್ತು ದಾಟಿದ, ಕಾಯಬಲ್ಲ ಮಕ್ಕಳಿದ್ದು ಸ್ವಂತ ತಾರಸಿ ಇದ್ದವರು ಧೈರ್ಯವಾಗಿ ಕೊಳ್ಳಬಹುದು. ಜಲವರ್ಣದ ಡಬ್ಬಿಯನ್ನು ನಾದಿನಿಯ ಮಗಳಿಗೆ ಕೊಟ್ಟೆ. ಉಳಿದ ಎರಡು ಬಿಸಿಲಚ್ಚಿನ ಹಾಳೆ ಬೀರುವಿನ ಮೇಲಿನ ಅರೆಯಲ್ಲಿ ಮಗನ ಕೈಗೆಟುಕದಂತಿವೆ. ಏಪ್ರಿಲ್‌ನಲ್ಲಿ ಸಾಗರಕ್ಕೆ ಒಯ್ದು, ಮಟಮಟ ಮಧ್ಯಾಹ್ನ ಅಜ್ಜಿಯ ಅಂಗಳದಲ್ಲಿ ಒಂದನ್ನು ಅವನ ಕೈಯಲ್ಲೇ ಬಿಚ್ಚಿಸುತ್ತೇನೆ.