ಅಪ್ಪನ ಫೋನಿಗೆ ಹಾಕಿಕೊಟ್ಟ ವಿಡಿಯೊ ಆ್ಯಪ್: ನಾಲ್ಕು ವರ್ಷ ಬಳಸಿದ ಮೇಲೆ

ಬೆರಳು ಮೇಲಕ್ಕೆ ತಳ್ಳಿದರೆ ಇನ್ನೊಂದು ವಿಡಿಯೊ ಬರುತ್ತದೆ. ಅದು ಎಲ್ಲರಿಗೂ ಗೊತ್ತು. ನಮ್ಮ ಮನೆಯಲ್ಲಿ ಆಗಿದ್ದನ್ನು ಹೇಳುತ್ತೇನೆ.

ಅಪ್ಪ ರಿಟೈರ್ ಆದಾಗ ಒಂಬತ್ತು ಸಾವಿರದ ಫೋನ್ ಕೊಡಿಸಿ ನಾನೇ ಇದನ್ನು ಹಾಕಿಕೊಟ್ಟೆ. ಮೊದಲ ವರ್ಷ ತುಂಬಾ ಚೆನ್ನಾಗಿತ್ತು. ಕಲಬುರಗಿ ಬೇಸಿಗೆ ಗೊತ್ತಲ್ವಾ, ರಾತ್ರಿಯೂ ಒಳಗೆ ಮಲಗಲು ಆಗುವುದಿಲ್ಲ. ರೊಟ್ಟಿ, ಪುಂಡಿಪಲ್ಯ ಉಂಡು ಅಪ್ಪ ಮಾಳಿಗೆಗೆ ನೀರು ಹೊಡೆಯುತ್ತಿದ್ದರು. ಕಾವು ಇಳಿದ ಮೇಲೆ ಚಾಪೆ ಹಾಸಿ, ನೀರಿನ ತಂಬಿಗೆಗೆ ಫೋನ್ ಒರಗಿಸಿ ಕೂರುತ್ತಿದ್ದರು. ಅವರಿಗೆ ಬೇಕಿದ್ದದ್ದು ಮೊಹರಂನ ರಿವಾಯತ್ ಪದ. ಆಳಂದ ಕಡೆಯ ನಮ್ಮೂರಲ್ಲಿ ಚಿಕ್ಕವರಿದ್ದಾಗ ಅವರೂ ಮೊಹರಂನಲ್ಲಿ ಹಿಂದೂ-ಮುಸ್ಲಿಮರು ಕೂಡಿ ಆಡುವ ಅಲಾಯಿ ಕುಣಿತಕ್ಕೆ ಹೆಜ್ಜೆ ಹಾಕಿದವರು. ಇಮಾಮ್ ಹುಸೇನರು ಮಡಿದ ಕರ್ಬಲದ ಕಥೆಯನ್ನು ಆ ಪದಗಳಲ್ಲಿ ಕನ್ನಡದಲ್ಲಿ, ನಮ್ಮ ಮಾತಿನಲ್ಲೇ ಕೇಳಿ ಕಣ್ಣೊರೆಸಿಕೊಳ್ಳುತ್ತಿದ್ದರು. "ಬಾ ಇಲ್ಲಿ, ಈ ದನಿ ನಮ್ಮ ಕಡೀದೇ ನೋಡು" ಎಂದು ನನ್ನನ್ನು ಕೂಗುತ್ತಿದ್ದರು. ಆಗ ಕೇಳಿದ್ದರೆ ಐದಕ್ಕೆ ಐದು ಸ್ಟಾರ್ ಕೊಡುತ್ತಿದ್ದೆ.

ಎರಡನೇ ವರ್ಷ ಪದಗಳ ನಡುವೆ ಬೇರೆಯವು ಬರತೊಡಗಿದವು. ಯಾರೋ ಒಬ್ಬ ಬೆರಳು ತೋರಿಸುತ್ತಾ ಮುಸ್ಲಿಮರ ಬಗ್ಗೆ ಹೊಲಸು ಮಾತಾಡುತ್ತಾನೆ. ಅಪ್ಪ ಗಾಬರಿಯಿಂದಲೇ ಪೂರ್ತಿ ನೋಡಿದರು. ಆದರೆ ಆ್ಯಪ್‌ಗೆ ಗಾಬರಿಯೂ ಇಷ್ಟವೂ ಒಂದೇ, ಎಷ್ಟು ಹೊತ್ತು ನೋಡಿದರು ಅನ್ನುವುದೇ ದೊಡ್ಡ ಲೆಕ್ಕ. ಮರುದಿನ ಅಂಥವು ಮೂರು ಬಂದವು. ಬರಬರುತ್ತಾ ಪದಗಳನ್ನೇ ಹುಡುಕಿ ತೆಗೆಯಬೇಕಾಯಿತು. 'ಆಸಕ್ತಿ ಇಲ್ಲ' ಒತ್ತಿದೆ, ರಿಪೋರ್ಟ್ ಮಾಡಿದೆ. ಎರಡು ದಿನ ಸುಮ್ಮನಿದ್ದು ಮತ್ತೆ ಬಂದವು.

ಎದುರು ಮುಸ್ಲಿಂ ಮನೆಯ ಖಾಲಾ ಮೂವತ್ತು ವರ್ಷದಿಂದ ಮೊಹರಂಗೆ ಚೊಂಗೆ, ಅಂದರೆ ಹಬ್ಬದ ಸಿಹಿ ರೊಟ್ಟಿ, ಕಳಿಸುತ್ತಾರೆ. ಹೋದ ವರ್ಷ ಅಪ್ಪ ಡಬ್ಬಿ ನೋಡಿ "ಬ್ಯಾಡ, ಹೊಳ್ಳಿ ಕೊಟ್ಟು ಬಾ" ಎಂದರು. ಅವ್ವ ಏನೂ ಅನ್ನದೆ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ಒಯ್ದಳು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಆ ಫೋನ್ ಕೊಟ್ಟವನು ನಾನು.

ಇಂಥದ್ದು ಕಂಪನಿಗಳಿಗೆ ಗೊತ್ತಾಗದೆ ನಡೆಯುವುದಿಲ್ಲ. 2021ರಲ್ಲಿ ಫೇಸ್‌ಬುಕ್‌ನ ಒಳಗಿನ ದಾಖಲೆಗಳು ಹೊರಬಂದವು. ಯಾವ ಪೋಸ್ಟನ್ನು ಹೆಚ್ಚು ತೋರಿಸಬೇಕು ಅನ್ನುವ ಲೆಕ್ಕದಲ್ಲಿ 2017ರಿಂದ ಅಲ್ಲಿ ಜನ ಒತ್ತುವ ಒಂದು ಇಮೋಜಿಗೆ, ಸಿಟ್ಟಿನದ್ದಕ್ಕೂ ಸೇರಿ, 5 ಲೈಕ್‌ನಷ್ಟು ತೂಕ ಇತ್ತು. ಸಿಟ್ಟಿನದ್ದನ್ನು ಸೊನ್ನೆಗೆ ಇಳಿಸಲು 2020ರ ತನಕ ಬೇಕಾಯಿತು. ಬೀದರ್ ಜಿಲ್ಲೆಯ ಮುರ್ಕಿಯನ್ನು ನಾವು ಈ ಕಡೆಯವರು ಮರೆಯಲು ಆಗುತ್ತದೆಯೇ? 2018ರ ಜುಲೈಯಲ್ಲಿ ಹೈದರಾಬಾದಿನಿಂದ ಬಂದ ಗೆಳೆಯರು ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಎಂದು ವಾಟ್ಸಾಪ್‌ನಲ್ಲಿ ಹಬ್ಬಿತು. ಗುಂಪು ಒಬ್ಬ ಯುವಕನನ್ನು ಹೊಡೆದು ಕೊಂದಿತು. ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಫಾರ್ವರ್ಡ್‌ಗೆ 5 ಚಾಟ್‌ಗಳ ಮಿತಿ ಹಾಕುವುದಾಗಿ ಹೇಳಿತು. ಅಂದರೆ ಕಡಿವಾಣ ಹಾಕಲು ಅವರಿಗೆ ಬರುತ್ತದೆ. ಅಷ್ಟರೊಳಗೆ ಹೆಣ ಬಿದ್ದಿತ್ತು.

ಆ್ಯಪ್ ತೆಗೆದು ಎಂಟು ತಿಂಗಳಾಯಿತು. ಅಪ್ಪ ಒಂದು ವಾರ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಸೂಪರ್ ಮಾರ್ಕೆಟ್‌ನಿಂದ ಮೆಮೊರಿ ಕಾರ್ಡ್ ತಂದು, ಊರಿನ ಮೇಳದವರ ಹತ್ತಿರ ಕೇಳಿ ನಲವತ್ತು ರಿವಾಯತ್ ಪದ ತುಂಬಿಸಿಕೊಟ್ಟೆ. ಈಗ ಮಾಳಿಗೆಯಲ್ಲಿ ಅವನ್ನೇ ತಿರುಗಿಸಿ ತಿರುಗಿಸಿ ಕೇಳುತ್ತಾರೆ. ನಲವತ್ತು ಮುಗಿದ ಮೇಲೆ ಮಲಗುತ್ತಾರೆ.

ಈ ಮೊಹರಂಗೂ ಡಬ್ಬಿ ಬಂತು. ಅಪ್ಪ ಒಂದು ಚೊಂಗೆ ತಿಂದರು. ಮೊದಲೆಲ್ಲ ನಾಲ್ಕು ತಿನ್ನುತ್ತಿದ್ದರು.